ಸಂಗಪ್ಪ ಕಾಕಾನ ಮನೆ ಕೊಂಡ ವರ್ಷ

ಮೊನ್ನೆ ಪಕ್ಕದ ಮನೆಯ ಹುಡುಗಿ ತನ್ನ ಹತ್ತಿ ಸೀರೆಗೆ ಗಂಜಿ ಹಾಕಿ ಹಿತ್ತಲಲ್ಲಿ ಹರವಿದ್ದಳು. ಹಿಂದಿನ ದಿನದ ಗಂಜಿ ಇರಬೇಕು, ಸ್ವಲ್ಪ ಹುಳಿತಿತ್ತು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನನ್ನ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ಮದುವೆಯಾಗಿ ರಾಯಚೂರಿಗೆ ಬಂದು ಇಲ್ಲೇ ತಲೆ ನೆರೆಸಿಕೊಂಡವಳು ನಾನು. ನನ್ನ ತವರೂರು ನಾರಾಯಣಪೇಟೆಯ ಓಣಿ ಈಗ ದಿನಾ ನೆನಪಾಗುವಂಥದ್ದಲ್ಲ. ನೆನಪಾದರೆ ಮಾತ್ರ ಹೇಳದೆ ಕೇಳದೆ ಬರುತ್ತದೆ, ಮತ್ತು ಯಾವಾಗಲೂ ಆ ಒಂದೇ ವರ್ಷ ಬರುತ್ತದೆ. ಪೊಲೀಸ್ ಆಕ್ಷನ್ ಆದ ವರ್ಷ, ನಾವು ಸ್ವಂತ ಮನೆ ಕೊಂಡ ವರ್ಷ. ಕೇಳಿದವರು ಎರಡೂ ಒಳ್ಳೆಯ ಸುದ್ದಿಯೇ ಅಲ್ಲವೇ ಎನ್ನುತ್ತಾರೆ. ನನಗೆ ಎರಡನ್ನೂ ನೆನೆದರೆ ಬಾಯಿ ಕಹಿಯಾಗುತ್ತದೆ.

ನಾವು ನೇಕಾರರು. ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಎಳೆಗಳನ್ನೆಲ್ಲ ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಅದು ಒಣಗುವುದರೊಳಗೆ ಎರಡೂ ಕಡೆ ಜನ ನಿಂತು ದೊಡ್ಡ ಕುಂಚಗಳಿಂದ ಬಾಚಬೇಕು. ಇದಕ್ಕೆ ಉಂಕಿ ಎನ್ನುತ್ತಾರೆ. ಬಾಚುವುದು ತಡವಾದರೆ ಎಳೆಗೆ ಎಳೆ ಅಂಟಿಕೊಂಡು ನೂಲು ಹಾಳಾಗುತ್ತದೆ. ಒಂದು ಮನೆಯ ಜನರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಉಂಕಿಗೆ ನಾವು, ನಾಳೆ ನಮ್ಮ ಉಂಕಿಗೆ ನೀವು. ಕೂಲಿಯಿಲ್ಲ, ಕರೆಯೂ ಇಲ್ಲ. ಬೆಳಗ್ಗೆ ಯಾರ ಮನೆ ಮುಂದೆ ಗೂಟ ಹೊಡೆದ ಸದ್ದು ಕೇಳಿತೋ ಅಲ್ಲಿಗೆ ಕುಂಚ ಹಿಡಿದು ನಡೆಯುವುದು.

ಇದರ ಜೊತೆಗೆ ಓಣಿಯಲ್ಲಿ ಒಂದು ಕಟ್ಟಳೆಯೂ ಇತ್ತು. ಜಗಳವಿದ್ದವನ ಉಂಕಿಗೆ ಕೈ ಹಚ್ಚುವಂತಿಲ್ಲ. ಹಚ್ಚಿದೆಯೋ, ಜಗಳ ಮುಗಿದಂತೆ. ಮತ್ತೆ ಆ ಮಾತು ಎತ್ತುವಂತಿಲ್ಲ. ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರು ಒಂದು ಬೆಳಗ್ಗೆ ಎದುರುಬದುರು ನಿಂತು ಬಾಚಿ ಒಂದಾದದ್ದನ್ನು ನಾನೇ ನೋಡಿದ್ದೇನೆ. ಕಚೇರಿ ಅಲೆಯುವುದಕ್ಕಿಂತ ಇದು ಎಷ್ಟು ಸಲೀಸು ಎಂದು ಹಿರಿಯರು ಹೆಮ್ಮೆಪಡುತ್ತಿದ್ದರು.

ಅಪ್ಪ ಅವ್ವ ಮದುವೆಯಾದಂದಿನಿಂದ ಬಾಡಿಗೆ ಮನೆಗಳಲ್ಲೇ ಇದ್ದರು. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಹೊಸ ಮನೆ ಹೊಕ್ಕಾಗಲೆಲ್ಲ ಕುಣಿ ತೋಡಬೇಕು, ಬಿಡುವಾಗ ಮಣ್ಣು ತುಂಬಿ, ಬಡಿದು, ಸಾರಿಸಿ ಒಪ್ಪಿಸಬೇಕು. ತೆರೆದ ಕುಣಿ ಬಿಟ್ಟು ಹೋಗುವುದು ಅಪಶಕುನ ಎಂದು ಮಾಲೀಕರು ಒಪ್ಪುತ್ತಿರಲಿಲ್ಲ. ಕುಣಿ ಮುಚ್ಚುವ ದಿನ ಅವ್ವ ಊಟ ಮಾಡುತ್ತಿರಲಿಲ್ಲ.

“ಹೆಣಾ ಇಲ್ದ ಮಣ್ಣು ಮಾಡಿದಂಗ ಆಗ್ತೈತಿ,” ಎನ್ನುತ್ತಿದ್ದಳು. “ನಮ್ದು ಅಂತ ಒಂದು ಕುಣಿ ಇರಬೇಕು. ಮುಚ್ಚು ಅನ್ನೋರು ಯಾರೂ ಇರಬಾರ್ದು.”

ಉಳಿದ ಹೆಂಗಸರು ಬಂಗಾರ ಕೇಳುತ್ತಿದ್ದರು, ನಮ್ಮವ್ವ ಕುಣಿ ಕೇಳುತ್ತಿದ್ದಳು. ಓಣಿಯ ಹೆಂಗಸರು ಇದನ್ನೇ ಹಿಡಿದು ಅವಳನ್ನು ಬೇಕಾದಷ್ಟು ಗೇಲಿ ಮಾಡಿದ್ದರು. ಅವಳು ನಗುತ್ತಿರಲಿಲ್ಲ.

ಆ ವರ್ಷ ಆಷಾಢದಲ್ಲಿ ನಮ್ಮ ಮನೆಯ ಮಾಲೀಕ ಸಾಹುಕಾರ ಬಂದು, ಜೋಳದ ಚೀಲ ಇಡಲಿಕ್ಕೆ ಮನೆ ಬೇಕು, ಬಿಡಿ ಎಂದ. ಕಾಲ ಕೆಟ್ಟಿತ್ತು. ಸಂತೆಗೆ ಹೋದವರು ಕಾಳಿಗಿಂತ ಹೆಚ್ಚಾಗಿ ಸುದ್ದಿ ತರುತ್ತಿದ್ದರು: ನಿಜಾಮರ ಕಡೆಯವರು ಆ ಊರು ಸುಟ್ಟರಂತೆ, ಈ ಊರಿನವರು ಗುಡ್ಡ ಹತ್ತಿದರಂತೆ. ಸುದ್ದಿಯಲ್ಲಿ ಸುಳ್ಳೆಷ್ಟೋ ನಿಜವೆಷ್ಟೋ, ಹೆದರಿಕೆಯಂತೂ ನಿಜವಾಗಿತ್ತು. ಹೊಳೆಯಾಚೆ, ನಿಜಾಮರ ಆಳ್ವಿಕೆಯಿಲ್ಲದ ಕಡೆ, ನೆಂಟರಿದ್ದವರು ಗಾಡಿ ಕಟ್ಟಿದರು. ಮನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಕ್ತಲದ ದಾರಿ ಹಿಡಿದರು. ನಮಗೆ ಹೊಳೆಯಾಚೆ ಯಾರೂ ಇರಲಿಲ್ಲ. ಎಲ್ಲರೂ ಊರು ಬಿಡುವ ಹೊತ್ತಿನಲ್ಲಿ ನಮ್ಮಪ್ಪ ಅದೇ ಊರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ.

ಆಗ ಬಂದವನು ಸಂಗಪ್ಪ ಕಾಕಾ. ಓಣಿಯ ಮೇಲಿನ ತುದಿಯ ಮನೆಯವನು. ರಕ್ತಸಂಬಂಧವಿಲ್ಲ, ಬಾಯಿಮಾತಿನ ಕಾಕಾ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರದ ಆಳು. ಅವನ ಜೊತೆ ಓಣಿಯ ಹಿರಿಯ ವೀರಯ್ಯಜ್ಜನೂ ಇದ್ದ.

“ಬಸಣ್ಣ, ನಾ ಹೊಂಟೆ,” ಎಂದ ಸಂಗಪ್ಪ ಕಾಕಾ. “ಗದ್ವಾಲ, ಅಲಂಪುರ ಹಿಡದು ಹೊಳಿ ದಾಟಿದ್ರ ಕರ್ನೂಲು. ಅಲ್ಲಿ ನಮ್ಮಾಕಿ ತವರಮನಿ ಮಂದಿ ಅದಾರ. ನೀ ಹೆಂಗೂ ಮನಿ ಹುಡಕಾಕತ್ತಿ. ನನ್ನ ಮನಿ ತಗೊಂಡುಬಿಡು.”

“ಎಲ್ಲಾರಂಗ ಕೀಲಿ ಹಾಕ್ಕೊಂಡು ಹೋಗಪಾ,” ಎಂದ ಅಪ್ಪ. “ನಾವು ನೋಡ್ಕೊಂತೀವಿ.”

“ಬರಿಗೈಲೆ ಪರಊರಿಗೆ ಹೆಂಗ ಹೋಗ್ಲಿ? ನಮ್ಮವ್ವಗ ಎದ್ದು ಕೂಡಾಕ ಆಗವಲ್ದು. ಗಾಡಿ ಆಗಬೇಕು, ಔಷಧ ಆಗಬೇಕು. ಕೀಲಿಕೈ ತೋರಿಸಿದ್ರ ಯಾರು ಅನ್ನಾ ಹಾಕ್ತಾರ?”

ಅಪ್ಪನಿಗೆ ಹೂಂ ಎನ್ನಲು ಮನಸ್ಸಿರಲಿಲ್ಲ, ಅಷ್ಟು ನನಗೆ ಕಾಣುತ್ತಿತ್ತು. ಆದರೆ ಅವ್ವ ಅಷ್ಟರಲ್ಲೇ ಒಳಗೆ ಹೋಗಿ, ತವರಿನಿಂದ ತಂದ ಬೋರಮಾಳ ಸರವನ್ನು ಕೊರಳಿಂದ ತೆಗೆದು, ಬೆಳ್ಳಿಯ ಡಾಬಿನ ಜೊತೆ ತಂದು ವೀರಯ್ಯಜ್ಜನ ಮುಂದಿಟ್ಟಳು. ಅಜ್ಜ ಅದನ್ನು ಸಂಗಪ್ಪ ಕಾಕಾನ ಕೈಗೆ ಕೊಟ್ಟು, ಇಬ್ಬರಿಗೂ ವೀಳ್ಯದೆಲೆ ಹಂಚಿದ. ಕಾಗದ ಪತ್ರ ಮಾಡುವ ಕಾಲವಾಗಿರಲಿಲ್ಲ ಅದು.

“ಇನ್ನ ಆ ಮನಿ ನಿಂದ ತಂಗಿ,” ಎಂದು ಸಂಗಪ್ಪ ಕಾಕಾ ಅವ್ವನಿಗೆ ಹೇಳಿದ. ಮರುದಿನ ಸುರಿವ ಮಳೆಯಲ್ಲೇ, ಗಾಡಿಯ ಮೇಲೆ ಗೋಣಿತಟ್ಟು ಕಟ್ಟಿ, ಮುದುಕಿಯನ್ನು ಮಲಗಿಸಿಕೊಂಡು ಹೊರಟುಹೋದ. ಅವನ ಹೆಂಡತಿ ನೀಲವ್ವ ಕಾಕಿ ಮಗಳನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯ ಹಿಂಬದಿಗೆ ಕೂತಿದ್ದಳು. ಓಣಿ ತಿರುಗುವವರೆಗೂ ಆಕೆಯ ಕಣ್ಣು ಆ ಮನೆಯ ಮೇಲೇ ಇತ್ತು.

ನಾವು ಆ ವಾರವೇ ಮೇಲಿನ ತುದಿಗೆ ಹೋದೆವು. ಬಾಡಿಗೆ ಮನೆಯ ಕುಣಿ ಮುಚ್ಚುವಾಗ ಅವ್ವ ಆವತ್ತು ಉಂಡಳು. ಹೊಸ ಮನೆಯಲ್ಲಿ ಎರಡು ಅಂಕಣ, ಹೊರಗೆ ಒಂದು ಕಟ್ಟೆ, ಹಿಂದೆ ಒಂದು ಬೇವಿನ ಗಿಡ. ಕುಣಿ ಮೊದಲೇ ಇತ್ತು. ಅದು ಸಂಗಪ್ಪ ಕಾಕಾನ ಕಾಲಿನ ಅಳತೆಯ ಕುಣಿ; ನಮ್ಮಪ್ಪ ಗಿಡ್ಡ, ಅವನ ಕಾಲು ತಳ ಮುಟ್ಟುತ್ತಿರಲಿಲ್ಲ. ಒಂದು ಬುಟ್ಟಿ ಮಣ್ಣು ಹಾಕಿದ್ದರೆ ಮುಗಿಯುತ್ತಿತ್ತು. ಅಪ್ಪ ಹಾಕಲಿಲ್ಲ. ಎರಡು ಇಟ್ಟಿಗೆಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ಕಾಲೂರಿ ಬಾಡಿಗೆಯವನ ಹಾಗೆ ನೇಯತೊಡಗಿದ. ಅವ್ವ ನೋಡುವಷ್ಟು ದಿನ ನೋಡಿದಳು. ಒಂದು ದಿನ ಅಪ್ಪ ನೂಲು ತರಲು ಹೋದಾಗ ಹಲಗೆಯನ್ನು ಹಿತ್ತಲಿಗೆ ಎಸೆದು, ತಾನೇ ಮಣ್ಣು ಹೊತ್ತು, ಕುಣಿಯ ತಳ ಎತ್ತರಿಸಿ ಸಗಣಿ ಬಳಿದಳು. ಅಪ್ಪ ಬಂದು ನೋಡಿ, “ಅವಸರ ಮಾಡಿದಿ,” ಎಂದ.

ಹಾಲು ಉಕ್ಕಿಸಿ ಮನೆ ಹೊಗುವ ಶಾಸ್ತ್ರ ಮಾತ್ರ ಬಾಕಿ ಉಳಿಯಿತು. ಯಾರನ್ನು ಕರೆಯುವುದು? ಓಣಿ ಅರ್ಧ ಖಾಲಿ. ಶ್ರಾವಣವೆಲ್ಲ ಜಿಟಿಜಿಟಿ ಮಳೆ. ಕೀಲಿ ಬಿದ್ದ ಬಾಗಿಲುಗಳ ನಡುವೆ ನಮ್ಮ ಲಾಳಿಯ ಸದ್ದೊಂದೇ. ನಾನು ರಾಟೆಯ ಮುಂದೆ ಕೂತು ಲಾಳಿಗೆ ನೂಲು ಸುತ್ತಿಕೊಡುತ್ತಿದ್ದೆ. ಸ್ವಂತ ಮನೆಗೆ ಬಂದರೆ ಹೇಗೆ ಅನಿಸುತ್ತದೋ ಎಂದು ಕಾದಿದ್ದವಳಿಗೆ ಯಾರೋ ಎದ್ದು ಹೋದ ಜಾಗದಲ್ಲಿ ಕೂತ ಹಾಗೆ ಅನಿಸಿತು.

ಗಣೇಶ ಚೌತಿ ಕಳೆದ ಮೇಲೆ ಹಿಂದುಸ್ತಾನದ ಫೌಜು ಬಂತು. ನಾಲ್ಕಾರು ದಿನಗಳಲ್ಲಿ ನಿಜಾಮರ ರಾಜ್ಯ ಮುಗಿಯಿತು ಎಂದರು. ಪೇಟೆಯಲ್ಲಿ ಬಾವುಟ, ಸಕ್ಕರೆ, ಜಯಕಾರ. ಆದರೆ ನಮಗೆ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ ಖಾಸಿಂಸಾಬನ ಬಾಗಿಲು ಮುಚ್ಚಿತು. ಯಾರ ಕಾಲಿಗೂ ಮುಳ್ಳಾದವನಲ್ಲ ಅವನು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೈದರಾಬಾದಿಗೆ ಹೋದನೆಂದು ಕೆಲವರು, ಹೋಗುವ ದಾರಿಯಲ್ಲೇ ಏನೋ ಆಯಿತೆಂದು ಕೆಲವರು. ಹೆದರುವವರು ಬದಲಾದರು, ಹೆದರಿಕೆ ಅಲ್ಲೇ ಉಳಿಯಿತು. ಅಪ್ಪ ಅವನ ಮುಚ್ಚಿದ ಬಾಗಿಲ ಮುಂದೆ ಬಿಳಿ ನೂಲಿನ ಗಂಟು ಹಿಡಿದು ನಿಂತು ವಾಪಸು ಬಂದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮಳೆ ನಿಂತಿತು. ಹೊಳೆಯಾಚೆ ಹೋದವರು ಒಬ್ಬೊಬ್ಬರೇ ಬಂದು, ಸೊಂಟದ ಕೀಲಿಕೈ ತೆಗೆದು ತಮ್ಮ ತಮ್ಮ ಮನೆ ತೆರೆದರು. ಒಳಗಿನ ತಂಬಿಗೆ ಕೂಡ ಅಲುಗಿರಲಿಲ್ಲ. ದಸರೆಯ ಸುಮಾರಿಗೆ ಸಂಗಪ್ಪ ಕಾಕಾನೂ ಬಂದ. ಅವನ ಸೊಂಟದಲ್ಲಿ ಕೀಲಿಕೈ ಇರಲಿಲ್ಲ. ಮುದುಕಿಯೂ ಇರಲಿಲ್ಲ.

“ಹೊಳಿ ತುಂಬಿ ದಾಟಾಕ ಆಗಲಿಲ್ಲ. ಅಲಂಪುರದಾಗ ಕುಂತಿದ್ವಿ. ಅಲ್ಲೇ ಅವ್ವನ್ನ ಮಣ್ಣು ಮಾಡಿದೆ,” ಎಂದ, ಕಟ್ಟೆಯ ತುದಿಯಲ್ಲಿ ಕೂತು. ಅಪ್ಪ ನೀರು ಕೊಟ್ಟ. ಕುಡಿದು ತಂಬಿಗೆ ಕೆಳಗಿಟ್ಟು ಅವನು ನೆಲ ನೋಡುತ್ತ ಅಂದ, “ಬಸಣ್ಣ, ಮನಿ...”

ಅಪ್ಪ ಬಾಯಿ ತೆರೆಯುವ ಮೊದಲೇ ಅವ್ವ ಬಾಗಿಲಿಗೆ ಬಂದಳು. “ನನ್ನ ಬೋರಮಾಳ ತಂದೀಯೇನಣ್ಣಾ?”

“ಅವ್ವನ ಔಷಧಕ್ಕ, ಕೂಳಿಗೆ ಎಲ್ಲಾ ಅದ್ರಾಗನ ಹೋತು ತಂಗಿ. ದುಡದು ತೀರಸ್ತೀನಿ.”

“ಅಲ್ಲಿಗಂಟ ನಾವು ಯಾರ ಮನಿ ಮುಂದ ನಿಂದ್ರೂಣು? ನನಗೂ ಇರೋದು ಇದೊಂದ.”

ಅವ್ವ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವನು ಕೇಳಿದ್ದರಲ್ಲೂ ತಪ್ಪೇನಿರಲಿಲ್ಲ. ವೀರಯ್ಯಜ್ಜನನ್ನು ಕರೆಸಿದರೆ ಅವನು, “ಕೊಟ್ಟದ್ದೂ ಖರೆ, ತಗೊಂಡದ್ದೂ ಖರೆ, ಹೆದರಿಕಿ ಇತ್ತು ಅಂಬೋದೂ ಖರೆ. ನಾ ಏನಂತ ಹೇಳ್ಲಿ?” ಎಂದು ಕೋಲೂರಿಕೊಂಡು ಎದ್ದುಹೋದ. ಓಣಿಯ ಉಳಿದವರಿಗೆ ಅಷ್ಟು ಕಷ್ಟವಾಗಲಿಲ್ಲ. ಬಾವಿಯ ಹತ್ತಿರ ನಾನು ಕೊಡ ಹಿಡಿದು ಹೋದರೆ ಹೆಂಗಸರು ನನಗೆ ಕೇಳುವ ಹಾಗೆ, “ಉರಿಯೋ ಮನ್ಯಾಗ ಗಳಾ ಹಿರದ್ರು,” ಎನ್ನುತ್ತಿದ್ದರು. ಇದೇ ಹೆಂಗಸರು ಆಷಾಢದಲ್ಲಿ ನಮ್ಮವ್ವನಿಗೆ, “ಛಲೋ ಆತು, ನಿನ್ನ ಕುಣಿ ನಿನಗ ಸಿಕ್ತು,” ಎಂದಿದ್ದರು. ನಾಲಿಗೆಗೆ ಎಲುಬಿಲ್ಲ.

ಸಂಗಪ್ಪ ಕಾಕಾ ಜಗಳಾಡಲಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ಮಠದ ಪಡಸಾಲೆಯಲ್ಲಿ ಇಳಿದುಕೊಂಡ. ಬೆಳಗಾದರೆ ಮೂವರೂ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು, ಬಿಸಿಲೇರಿದ ಮೇಲೆ ಕೂಲಿ ಹುಡುಕಿಕೊಂಡು ಹೋಗುತ್ತಿದ್ದರು. ಕೇಳುವುದಿಲ್ಲ, ಬೈಯುವುದಿಲ್ಲ, ಸುಮ್ಮನೆ ಕೂಡುವುದು. ಮಗಳು ನಾಲ್ಕೈದು ವರ್ಷದ ಕೂಸು; ಆ ಕಡೆ ಹೋಗಿ ತೆಲುಗು ಕಲಿತುಬಂದಿತ್ತು. ಒಂದು ಬೆಳಗ್ಗೆ ಹೊಸ್ತಿಲ ಹೊರಗೆ ನಿಂತು, “ಅಕ್ಕಾ, ನೀಳ್ಳು,” ಎಂದು ನೀರು ಕೇಳಿತು. ತಾನು ಹುಟ್ಟಿದ ಮನೆಯ ಹೊಸ್ತಿಲು ಅದು. ಒಳಗೆ ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ನೀರು ತಂದು ಹೊರಗೇ ಕೊಟ್ಟೆ.

ಅಷ್ಟರಲ್ಲಿ ನಮ್ಮ ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂತು. ಉಂಕಿ ಹಾಕದೆ ಗತಿಯಿಲ್ಲ. ಒಂದು ಬೆಳಗ್ಗೆ ಅಪ್ಪ ಮನೆ ಮುಂದೆ ಗೂಟ ಹೊಡೆದ. ಸದ್ದು ಓಣಿಯ ಕೆಳತುದಿಗೂ ಕೇಳುವಂತೆ ಜೋರಾಗಿಯೇ ಹೊಡೆದ. ನಾವು ಮೂವರೂ ಸೇರಿ ನೂಲೆಳೆದು ಕಟ್ಟಿದೆವು. ಗಂಜಿ ತಂದಿಟ್ಟು ಅಪ್ಪ ಓಣಿಯ ಕಡೆ ನೋಡಿದ. ಯಾರೂ ಬರಲಿಲ್ಲ. ಬಾಗಿಲುಗಳೆಲ್ಲ ತೆರೆದೇ ಇದ್ದವು, ಒಳಗೆ ಜನ ಓಡಾಡುವುದು ಕಾಣುತ್ತಿತ್ತು. ಕಾದರೆ ಬಿಸಿಲೇರುತ್ತದೆ ಎಂದು ಅಪ್ಪ ಗಂಜಿ ಹಚ್ಚಿಯೇಬಿಟ್ಟ. ಅದು ಹಟದ ಕೆಲಸ, ತಲೆಯ ಕೆಲಸವಲ್ಲ.

ಅಪ್ಪ ಒಂದು ಕಡೆ, ಅವ್ವ ಒಂದು ಕಡೆ ಬಾಚತೊಡಗಿದರು. ಅವರು ಈ ತುದಿಯಲ್ಲಿದ್ದರೆ ಆ ತುದಿ ಒಣಗುತ್ತಿತ್ತು. ಆ ತುದಿಗೆ ಓಡಿದರೆ ನಡುವೆ ಅಂಟುತ್ತಿತ್ತು. ನಾನೂ ಕುಂಚ ಹಿಡಿದೆ, ನನ್ನ ಕೈಗೆ ಅದು ಭಾರ. ಎಳೆಗಳು ಗಂಟುಗಂಟಾಗುವುದನ್ನು ನೋಡುತ್ತ ಅವ್ವ ಅಳತೊಡಗಿದಳು, ಅಳುತ್ತಲೇ ಬಾಚುತ್ತಿದ್ದಳು.

ಕಟ್ಟೆಯ ಮೇಲೆ ಸಂಗಪ್ಪ ಕಾಕಾ ಕೂತಿದ್ದ. ಮೊದಲು ಮುಖ ಆಚೆ ತಿರುಗಿಸಿದ. ಆಮೇಲೆ ಈಚೆ ನೋಡಿದ. ಮತ್ತೆ ಆಚೆ ನೋಡಿದ. ಕೊನೆಗೆ ತಡೆಯಲಾರದೆ ಎದ್ದು ಬಂದು, “ಕುಂಚ ಕೊಡು ಕೂಸಾ,” ಎಂದು ನನ್ನ ಕೈಯಿಂದ ಕಸಿದುಕೊಂಡ. ಅವನ ಉದ್ದನೆಯ ತೋಳು ಒಂದು ಸಲ ಆಡಿದರೆ ನಮ್ಮ ನಾಲ್ಕು ಸಲಕ್ಕೆ ಸಮ. ನೀಲವ್ವ ಕಾಕಿಯೂ ಸೆರಗು ಸಿಕ್ಕಿಸಿ ಎದ್ದಳು. ಬಿಸಿಲು ಸುಡುವ ಹೊತ್ತಿಗೆ ನೂಲು ಎಳೆ ಎಳೆಯಾಗಿ ಬಿಡಿಸಿಕೊಂಡು, ಒಣಗಿ, ನೇರವಾಗಿ ನಿಂತಿತ್ತು.

ತಲೆ ಎತ್ತಿ ನೋಡಿದರೆ ಓಣಿಯ ಜನವೆಲ್ಲ ಹೊರಗೆ ನಿಂತಿದ್ದರು. ವೀರಯ್ಯಜ್ಜ ಕೋಲೂರಿಕೊಂಡು ಮೇಲೆ ಬಂದ. ಅವನ ಮುಖದಲ್ಲಿ ಹೊರೆ ಇಳಿದ ಸಮಾಧಾನವಿತ್ತು.

“ಸಂಗಪ್ಪ ಉಂಕಿಗೆ ಕೈ ಹಚ್ಚಿದ. ಮಾತು ಮುಗೀತು,” ಎಂದ. “ಮನಿ ಬಸಣ್ಣಂದು. ಇನ್ನ ಯಾರೂ ಏನೂ ಅನ್ನಂಗಿಲ್ಲ.”

ಸಂಗಪ್ಪ ಕಾಕಾ ಕುಂಚ ಹಿಡಿದೇ ನಿಂತಿದ್ದ. “ನಾನು... ನೂಲು ಕೆಡ್ತಾವಲ್ಲಂತ...” ಎಂದ.

“ಕಟ್ಟಳಿ ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ ಅಜ್ಜಾ,” ಎಂದು ಅವನು ಅಪ್ಪನ ಕಡೆ ನೋಡಿದ.

ಆಗ ಅಪ್ಪ ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ನೂಲು ಉಳಿಸಾಕ ಬಂದ, ಮನಿ ಬಿಡಾಕ ಬಂದಿಲ್ಲ ಎಂದಿದ್ದರೆ ಸಾಕಿತ್ತು. ಅದು ಅಪ್ಪನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಅಲ್ಲಿ ನಿಂತ ಪ್ರತಿಯೊಬ್ಬ ನೇಕಾರನಿಗೂ ಗೊತ್ತಿತ್ತು. ಕಣ್ಣೆದುರು ಹಾಸು ಕೆಡುತ್ತಿದ್ದರೆ ಯಾವ ನೇಕಾರನಿಗೂ ಕೈ ಕಟ್ಟಿ ಕೂಡಲಾಗುವುದಿಲ್ಲ. ಅಪ್ಪ ಅವ್ವನ ಮುಖ ನೋಡಿದ. ಅವ್ವ ಕಣ್ಣೊರೆಸಿಕೊಂಡು ನೆಲ ನೋಡಿದಳು. ಅಪ್ಪ ಬಗ್ಗಿ ಗೂಟದ ಹಗ್ಗ ಬಿಚ್ಚತೊಡಗಿದ.

ಸಂಗಪ್ಪ ಕಾಕಾ ಕುಂಚವನ್ನು ನೀರಿನಲ್ಲಿ ತೊಳೆದು, ಕೊಡವಿ, ಗೋಡೆಗೆ ಆನಿಸಿಟ್ಟ. “ಲಗೂ ಸುತ್ತಿಕೋ ಬಸಣ್ಣ, ಗಾಳಿ ಎದ್ದೈತಿ,” ಎಂದ. ಮಗಳನ್ನು ಹೆಗಲಿಗೆ ಹಾಕಿಕೊಂಡ. ನೀಲವ್ವ ಕಾಕಿ ಮಾತ್ರ ನಮ್ಮವ್ವನ ಎದುರು ಒಂದು ಗಳಿಗೆ ನಿಂತಳು. ಬೈದಾಳು ಎಂದು ನಾನು ಕಾದೆ. ಅವಳು ಸಿಕ್ಕಿಸಿದ ಸೆರಗು ಬಿಚ್ಚಿಕೊಂಡು ಗಂಡನ ಹಿಂದೆ ನಡೆದಳು. ಮರುದಿನ ಕಟ್ಟೆ ಖಾಲಿ ಇತ್ತು. ಗದ್ವಾಲಕ್ಕೆ ಹೋದರು, ಅಲ್ಲಿ ಕೂಲಿಮಗ್ಗ ಸಿಗುತ್ತವಂತೆ ಎಂದು ಯಾರೋ ಹೇಳಿದರು.

ಓಣಿ ನಮ್ಮನ್ನು ಮತ್ತೆ ಸೇರಿಸಿಕೊಂಡಿತು. ಎಷ್ಟು ಸುಲಭವಾಗಿ ಎಂದರೆ ನನಗೆ ಅಸಹ್ಯವಾಯಿತು. ಎಲ್ಲರೂ ಬಂದು ನಿಂತು ಹಾಲು ಉಕ್ಕಿಸಿದರು. ಉಕ್ಕಿದ್ದು ಮೂಡಣಕ್ಕೆ, ಶುಭ ಎಂದರು. ಹೆಂಗಸರು ಅವ್ವನಿಗೆ ಅರಿಶಿನ ಕುಂಕುಮ ಹಚ್ಚಿ, ಕುಣಿಯನ್ನು ಇಣುಕಿ ನೋಡಿ ಹಳೆಯ ಗೇಲಿ ಮಾಡಿದರು. ಮುಂದಿನ ಉಂಕಿಗೆ ಗೂಟ ಹೊಡೆದರೆ ಕುಂಚಗಳಿಗೆ ಬರವಿರಲಿಲ್ಲ. ಅಪ್ಪ ಮೊದಲಿನ ಹಾಗೆ ನೇಯ್ದ, ಆದರೆ ನೇಯುವಾಗ ಗುನುಗುವುದು ಬಿಟ್ಟ. ಅವ್ವ ಮನೆಯನ್ನು ಕನ್ನಡಿಯಂತೆ ಇಟ್ಟಳು. ಸಂಜೆ ಹೊತ್ತು ಎಲ್ಲರ ಮನೆಯ ಹೆಂಗಸರೂ ಕಟ್ಟೆಗೆ ಬಂದು ಕೂತರೆ ನಮ್ಮವ್ವ ಒಳಗೇ ಇರುತ್ತಿದ್ದಳು.

ಅದಾದ ಕೆಲವು ವರ್ಷಗಳಿಗೆ, ನನ್ನ ಮದುವೆಯ ಮಾತು ನಡೆದಿದ್ದಾಗ, ಮನೆಪಟ್ಟಿ ಬರೆದುಕೊಳ್ಳುವ ಗುಮಾಸ್ತ ಓಣಿಗೆ ಬಂದ. ಹೊಸ ಸರಕಾರದವನಾದರೂ ಬಾಯಲ್ಲಿ ಹಳೆಯ ಉರ್ದುವೇ. ಅಪ್ಪ ಒಳಗೆ ಮಗ್ಗದಲ್ಲಿದ್ದ, ಅವ್ವ ಅಂಗಳ ಸಾರಿಸುತ್ತಿದ್ದಳು.

“ಮಕಾನು ಸ್ವಂತದ್ದೋ, ಕಿರಾಯದ್ದೋ?” ಎಂದು ಕೇಳಿದ.

“ಕಿರಾಯದ್ದರಿ,” ಎಂದಳು ಅವ್ವ.

ನಾನು ಬೆಚ್ಚಿ ಅವಳ ಮುಖ ನೋಡಿದೆ. ಅವಳು ಸಾರಿಸುವುದನ್ನು ನಿಲ್ಲಿಸಿರಲಿಲ್ಲ.

“ಮಾಲಕ ಯಾರು?”

“ಸಂಗಪ್ಪ ಅಂತ್ರಿ. ಗದ್ವಾಲದಾಗ ಇರ್ತಾರ.”

ಒಳಗೆ ಲಾಳಿಯ ಸದ್ದು ನಿಂತಿತು. ಗುಮಾಸ್ತ ಬರೆದುಕೊಳ್ಳುತ್ತ, “ಗದ್ವಾಲದಾಗ ಎಲ್ಲಿ?” ಎಂದ.

ಅವ್ವ ಈಗ ಕೈ ನಿಲ್ಲಿಸಿ ಬಾಗಿಲ ಕಡೆ ತಿರುಗಿದಳು. “ಎಲ್ಲಿರ್ತಾರಂತ ಕೇಳಾಕತ್ಯಾರ, ಹೇಳ್ರಿ,” ಎಂದಳು.

ಅಪ್ಪ ಕುಣಿಯಿಂದ ಎದ್ದು ಬಾಗಿಲಿಗೆ ಬಂದ. ಗುಮಾಸ್ತ ಲೇಖನಿ ಹಿಡಿದು ಕಾದ. ಅಪ್ಪ ಒಮ್ಮೆ ಅವನನ್ನು ನೋಡಿದ, ಒಮ್ಮೆ ಅವ್ವನನ್ನು ನೋಡಿದ. ಗದ್ವಾಲ ನಮಗೆ ದೂರದ ಊರಲ್ಲ. ಆ ಸಂತೆಗೆ ಓಣಿಯಿಂದ ಯಾರಾದರೂ ಹೋಗುತ್ತಲೇ ಇದ್ದರು, ಅಪ್ಪನೂ ಎಷ್ಟೋ ಸಲ ಹೋಗಿಬಂದಿದ್ದ. ಸಂಗಪ್ಪ ಕಾಕಾ ಅಲ್ಲಿ ಎಲ್ಲಿರುತ್ತಾನೆ ಎಂದು ನಾವ್ಯಾರೂ ಒಂದು ದಿನವೂ ಕೇಳಿರಲಿಲ್ಲ.